ಹೆದ್ದಾರಿ ಮಧ್ಯೆ ನಿಂತ ಗಾಡಿ: ಅಂಗಳದಲ್ಲೇ ಥ್ರಾಟಲ್ ಬಾಡಿ ಬದಲಿಸಿದ್ದು

ಈ ವಾರ ಬೇಸಿಗೆ ಸೊಪ್ಪಿನ ಬಗ್ಗೆ ಬರೆಯೋದಿತ್ತು. ನೆರಳು ಪರದೆ ಎಷ್ಟು ಎತ್ತರಕ್ಕೆ ಕಟ್ಟಬೇಕು, ಮೆಂತ್ಯಕ್ಕೆ ಯಾವ ಹೊತ್ತಲ್ಲಿ ನೀರು ಕೊಡಬೇಕು ಅಂತೆಲ್ಲ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕಿರಲಿ. ಸೊಪ್ಪು ಎಷ್ಟು ಚೆನ್ನಾಗಿ ಬೆಳೆದರೂ ಅದನ್ನು ಹೊತ್ತುಕೊಂಡು ಹೋಗೋ ಗಾಡಿ ಕೈಕೊಟ್ಟರೆ ಬೆಳೆದವನ ಪಾಡೇನು ಅನ್ನೋದು ಕಳೆದ ತಿಂಗಳು ನನಗೆ ಗೊತ್ತಾಯಿತು. ನಮ್ಮಲ್ಲಿ ಬಹಳ ಜನಕ್ಕೆ ಬೈಕೇ ಲಗೇಜ್ ಆಟೋ, ಬೈಕೇ ಆಂಬುಲೆನ್ಸ್, ಬೈಕೇ ಹಾಲಿನ ವ್ಯಾನು. ಹಾಗಾಗಿ ಇದೂ ಕೃಷಿ ವಿಷಯವೇ ಅಂದುಕೊಂಡು ಓದಿ.

ನಮ್ಮೂರು ಗುಬ್ಬಿ ತಾಲ್ಲೂಕಿನ ಒಳಗಡೆ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ತುಮಕೂರಿನ 38 ಮನೆಗಳಿಗೆ ನಾನು ಸಾವಯವ ಸೊಪ್ಪು, ತರಕಾರಿ ತಲುಪಿಸುತ್ತೇನೆ. ಹಿಂದಿನ ಸಂಜೆ ಕೊಯ್ದು, ಒದ್ದೆ ಗೋಣಿ ಹೊದಿಸಿ, ಬೆಳಗ್ಗೆ ಆರಕ್ಕೆಲ್ಲ ಎರಡು ಕ್ರೇಟ್ ಕಟ್ಟಿಕೊಂಡು ಹೊರಡಬೇಕು. ಗಾಡಿ 125 ಸಿಸಿಯದು, 2021ರಲ್ಲಿ ತಗೊಂಡಿದ್ದು, 58 ಸಾವಿರ ಕಿಲೋಮೀಟರ್ ಓಡಿದೆ. ಅದರಲ್ಲಿ ಅರ್ಧದಷ್ಟು ಮಣ್ಣು ರಸ್ತೆ.

ಆ ಮಂಗಳವಾರ ನಮ್ಮ ಊರ ರಸ್ತೆ ಹೆದ್ದಾರಿಗೆ ಸೇರೋ ಜಾಗದಲ್ಲಿ ಎರಡೂ ಕಡೆ ನೋಡಿ, ಫಸ್ಟ್ ಗೇರಲ್ಲಿ ಎಕ್ಸಲೇಟರ್ ಕೊಟ್ಟೆ. ಗಾಡಿ ನಡು ರಸ್ತೆಗೆ ಬಂದು ಒಂದು ಸಲ ಜಗ್ಗಿ ಪಕ್ಕನೆ ನಿಂತುಹೋಯಿತು. ಎಡಗಡೆಯಿಂದ ತೆಂಗಿನಕಾಯಿ ತುಂಬಿದ ಲಾರಿ ಹಾರ್ನ್ ಒತ್ತಿಕೊಂಡೇ ಬರ್ತಿದೆ. ಕಾಲಲ್ಲಿ ತಳ್ಳಿಕೊಂಡು ಪಕ್ಕಕ್ಕೆ ಬೀಳೋದರೊಳಗೆ ಮೇಲಿನ ಕ್ರೇಟು ಜಾರಿತ್ತು. ಪಾಲಕ್ ಮೇಲೆ ಲಾರಿಯ ಹಿಂದಿನ ಚಕ್ರ ಹೋಯಿತು. ಅದರ ಹಿಂದಿನ ದಿನವಷ್ಟೇ ಅದೇ ಜಾಗ ದಾಟಿ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಜಾಸ್ತಿ ಮಾತಾಡಲಿಲ್ಲ. "ಇದು ಸರಿಯಾಗೋ ತನಕ ಮಗು ಈ ಗಾಡಿ ಹತ್ತೋದು ಬೇಡ ರೀ" ಅಂದಳು ಅಷ್ಟೆ.

ಅದಕ್ಕೂ ಮೊದಲೇ ಎರಡು ತಿಂಗಳಿಂದ ಗಾಡಿ ಕಿರಿಕಿರಿ ಮಾಡ್ತಾನೇ ಇತ್ತು. ಸಿಗ್ನಲ್‌ನಲ್ಲಿ ಆಫ್ ಆಗೋದು, ಮಧ್ಯೆ ಮಧ್ಯೆ ಜಗ್ಗೋದು, ಮೀಟರಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಒಮ್ಮೊಮ್ಮೆ ಹತ್ತಿ ಆರೋದು. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು. ಇನ್ನೊಂದು ಕಡೆ ಇಂಜೆಕ್ಟರ್ ಕ್ಲೀನ್ ಮಾಡಿದರು. ಎರಡೂ ಸಲ ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ನಮಗೆ ಮೊದಲ ವರ್ಷವೇ ತಲೆಗೆ ಹಾಕಿದ್ದರು: ಎಲೆ ಹಳದಿಯಾದ ತಕ್ಷಣ ಯೂರಿಯಾ ಚೀಲ ಬಿಚ್ಚಬೇಡಿ, ಬೇರು ಕೊಳೆತರೂ ಎಲೆ ಹಳದಿಯೇ, ಕಬ್ಬಿಣಾಂಶ ಕಡಿಮೆಯಾದರೂ ಹಳದಿಯೇ. ಗಾಡಿ ವಿಷಯದಲ್ಲಿ ನಾನು ಅದನ್ನೇ ಮರೆತಿದ್ದೆ.

ಅಪ್ಪನಿಗೆ ಈ ಗಾಡಿ ಕಂಡರೆ ಮೊದಲಿನಿಂದಲೂ ಆಗಲ್ಲ. "ಕಾರ್ಬೋರೇಟರ್ ಗಾಡಿ ಆಗಿದ್ರೆ ಬಿಚ್ಚಿ, ಜೆಟ್ ಊದಿ, ಅರ್ಧ ಗಂಟೇಲಿ ಹಾಕ್ತಿದ್ದೆ ಕಣಪ್ಪ. ಇದು ಗಾಡಿಯಾ, ಟಿವಿಯಾ?" ಅಂತ ಅವರ ವಾದ. ಅವರ ಹಳೇ 100 ಸಿಸಿ ಗಾಡಿಯನ್ನು ಮೂರು ವರ್ಷದ ಹಿಂದೆ ನಾನೇ ಹಟ ಮಾಡಿ ಮಾರಿಸಿದ್ದೆ. ಆ ಸಿಟ್ಟು ಇನ್ನೂ ಇದೆ.

ಅಪ್ಪ ಹೇಳೋದರಲ್ಲಿ ಅರ್ಧ ಸತ್ಯ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂತು. ಹೊಗೆ ಮಿತಿಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸೋಕೆ ಕಾರ್ಬೋರೇಟರ್‌ಗೆ ಕಷ್ಟ, ಹಾಗಾಗಿ ಬೈಕುಗಳೆಲ್ಲ ಹೆಚ್ಚುಕಮ್ಮಿ ಫ್ಯುಯೆಲ್ ಇಂಜೆಕ್ಷನ್‌ಗೆ ತಿರುಗಿದವು. ವ್ಯತ್ಯಾಸ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಡ್ರಿಪ್‌ನಲ್ಲಿ ಸೋಸಿದ ಜೀವಾಮೃತ ಬಿಡೋಕೆ ವೆಂಚುರಿ ಹಾಕ್ತೀವಲ್ಲ, ಕಿರಿದಾದ ಜಾಗದಲ್ಲಿ ನೀರು ಜೋರಾಗಿ ಹರಿದು, ಅಲ್ಲಿ ಒತ್ತಡ ಇಳಿದು, ಪಕ್ಕದ ಪೈಪಿಂದ ದ್ರಾವಣ ತಾನೇ ಎಳೆದುಕೊಳ್ಳುತ್ತೆ. ಕಾರ್ಬೋರೇಟರ್ ಅದೇ ತತ್ವ. ನೀರಿನ ಬದಲು ಗಾಳಿ, ಜೀವಾಮೃತದ ಬದಲು ಪೆಟ್ರೋಲು. ಹೊಸ ಗಾಡಿಯಲ್ಲಿ ಹಾಗಲ್ಲ. ಗಾಳಿಗೊಂದು ಗೇಟ್‌ವಾಲ್ವ್ ಇದೆ, ಅದೇ ಥ್ರಾಟಲ್ ಬಾಡಿ. ನೀವು ಎಕ್ಸಲೇಟರ್ ತಿರುಗಿಸಿದರೆ ತಿರುಗೋದು ಅದರೊಳಗಿನ ಬಟರ್‌ಫ್ಲೈ ಪ್ಲೇಟ್. ಪ್ಲೇಟ್ ಎಷ್ಟು ತೆರೆದಿದೆ ಅಂತ ಪಕ್ಕದಲ್ಲಿರೋ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಟಿಪಿಎಸ್, ಇಸಿಯು ಅನ್ನೋ ಕಂಪ್ಯೂಟರ್ ಪೆಟ್ಟಿಗೆಗೆ ಹೇಳುತ್ತೆ. ಗಾಳಿಯ ಒತ್ತಡ, ಬಿಸಿ ಇವನ್ನೂ ಬೇರೆ ಸೆನ್ಸರ್‌ಗಳು ಹೇಳುತ್ತವೆ. ಎಲ್ಲ ಲೆಕ್ಕ ಹಾಕಿ ಇಸಿಯು ಇಂಜೆಕ್ಟರ್ ತೆರೆಯುತ್ತೆ. ಸೆನ್ಸರ್ ಸುಳ್ಳು ಹೇಳಿದರೆ ಲೆಕ್ಕವೂ ಸುಳ್ಳು.

ಲಾರಿ ಘಟನೆಯ ಮಾರನೇ ದಿನ ಪಕ್ಕದ ಮನೆಯವರ ಗಾಡಿ ಕೇಳಿಕೊಂಡು ತುಮಕೂರಿಗೆ ಹೋಗಿ, ಸ್ಕ್ಯಾನರ್ ಇಟ್ಟುಕೊಂಡಿರೋ ಒಬ್ಬ ಹುಡುಗನನ್ನು ಹುಡುಕಿದೆ. ಸಂಜೆ ಅವನು ಊರಿಗೇ ಬಂದು ಸೀಟಿನ ಕೆಳಗಿನ ಕಪ್ಲರ್‌ಗೆ ಸ್ಕ್ಯಾನರ್ ಸಿಕ್ಕಿಸಿದ. ಪಿ0122 ಅಂತ ಬಂತು. ಟಿಪಿಎಸ್‌ನಿಂದ ವೋಲ್ಟೇಜ್ ಕಡಿಮೆ ಬರ್ತಿದೆ ಅಂತ ಅದರ ಅರ್ಥ. "ಥ್ರಾಟಲ್ ಬಾಡಿ ಚೇಂಜ್ ಮಾಡ್ಬೇಕು ಅಣ್ಣ, ಈ ಗಾಡೀಗೆ ಸೆನ್ಸರ್ ಬರೀ ಅದೊಂದೇ ಸಿಗಲ್ಲ" ಅಂದ. ಇಲ್ಲಿ ನಾನು ಒಂದು ದಿನ ತಡೆದೆ. ತಡೆದದ್ದೇ ಒಳ್ಳೇದಾಯಿತು ಅಂತ ನನ್ನ ಅಭಿಪ್ರಾಯ. ಕೋಡ್ ಹೇಳೋದು ವೋಲ್ಟೇಜ್ ಬರ್ತಿಲ್ಲ ಅಂತ, ಯಾಕೆ ಬರ್ತಿಲ್ಲ ಅಂತ ಅಲ್ಲ. ವೈರು ತುಂಡಾಗಿದ್ದರೂ ಅದೇ ಕೋಡು. ನಮ್ಮ ಗಾಡಿ ನಿಲ್ಲೋದು ಮೇವಿನ ಕೊಟ್ಟಿಗೆ ಪಕ್ಕ. ಇಲಿಗಳು ಎಷ್ಟಿವೆ ಅಂತ ಹೇಳಬೇಕಿಲ್ಲ.

ನಿಜವಾಗಿ ಟ್ಯಾಂಕ್ ಕೆಳಗೆ ವೈರಿಗೆ ಸುತ್ತಿದ ಟೇಪನ್ನು ಇಲಿ ಕಡಿದಿತ್ತು. ಇದೇ ಕಾರಣ ಅಂತ ಖುಷಿಯಾಯಿತು. ಟೇಪ್ ಬಿಚ್ಚಿ ನೋಡಿದರೆ ಒಳಗಿನ ವೈರುಗಳು ಸರಿಯಾಗೇ ಇದ್ದವು. ಊರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡೋರ ಹತ್ತಿರ ಹಳೇ ಮುಳ್ಳಿನ ಮೀಟರ್ ಇದೆ, ಅದನ್ನು ತಂದೆ. ಡಿಜಿಟಲ್ ಮೀಟರಿನಲ್ಲಿ ಕ್ಷಣಮಾತ್ರದ ಕುಸಿತ ಕಣ್ಣಿಗೆ ಬೀಳದೇ ಹೋಗಬಹುದು, ಮುಳ್ಳಾದರೆ ಅಲ್ಲಾಡೋದು ಕಾಣುತ್ತೆ. ಸೆನ್ಸರಿನ ಕಪ್ಲರ್ ಸಿಕ್ಕಿಸಿದ ಹಾಗೇ ಇಟ್ಟು, ಹಿಂದುಗಡೆಯಿಂದ ವೈರಿನ ಪಕ್ಕ ತೆಳುವಾದ ಗುಂಡುಸೂಜಿ ಇಳಿಸಿ ನೋಡಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ ಚುಚ್ಚಬೇಡಿ, ಆ ತೂತಿನಿಂದ ನೀರಿಳಿದು ಮುಂದೆ ಹಸಿರು ಕಿಲುಬು ಹಿಡಿಯುತ್ತೆ. ಸೂಜಿಗಳು ಒಂದಕ್ಕೊಂದು ತಾಗದ ಹಾಗೂ ನೋಡಿಕೊಳ್ಳಿ.

ಕೀ ಆನ್, ಇಂಜಿನ್ ಆಫ್. ಇಸಿಯುನಿಂದ ಬರೋ ವೈರಿನಲ್ಲಿ ಸುಮಾರು 5 ವೋಲ್ಟ್ ಇತ್ತು. ಅಂದರೆ ಆ ಕಡೆ ಸರಿ. ಸಿಗ್ನಲ್ ವೈರಿನಲ್ಲಿ ಎಕ್ಸಲೇಟರ್ ಮುಚ್ಚಿದ್ದಾಗ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ. ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಮುಳ್ಳು ಮೆಲ್ಲಗೆ ಏರಬೇಕು, ಪೂರ್ತಿ ತಿರುಗಿಸಿದಾಗ 4 ವೋಲ್ಟ್ ಮೇಲೆ ಹೋಗಬೇಕು. ನನ್ನದು ಏರುತ್ತಾ ಹೋಗಿ, ಕಾಲು ಭಾಗ ತೆರೆದಾಗ ದಬಕ್ಕನೆ ಸೊನ್ನೆಗೆ ಬಿತ್ತು, ಕೂದಲೆಳೆ ದಾಟಿದ ಮೇಲೆ ಮತ್ತೆ ಏರಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಜಾಗ. ವೈರು ಹಿಡಿದು ಅಲ್ಲಾಡಿಸಿದರೆ ಏನೂ ಬದಲಾಗಲಿಲ್ಲ. ಅಲ್ಲಿಗೆ ಇಲಿಗಳ ಮೇಲಿನ ಆರೋಪ ಬಿದ್ದುಹೋಯಿತು. ಈ ಥರದ ಸೆನ್ಸರಿನೊಳಗೆ ಒಂದು ಪಟ್ಟಿಯ ಮೇಲೆ ಪುಟ್ಟ ಲೋಹದ ಬೆರಳು ಉಜ್ಜಿಕೊಂಡು ಓಡಾಡುತ್ತೆ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ಹಾಗೆ. ದಿನಾ ಹೆಚ್ಚು ಬಳಸೋ ಜಾಗದಲ್ಲೇ ಸವೆತ. ಲೋಡು ಇಟ್ಟುಕೊಂಡು ರಸ್ತೆಗೆ ಏರುವಾಗ ನಾನು ಕೊಡೋದು ಸರಿಯಾಗಿ ಆ ಕಾಲು ಭಾಗವೇ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಾಳೆ ಬೆಳಗ್ಗೆ ಎಷ್ಟೋ ಜನ ಸುಮ್ಮನೆ ಹೊಸ ಪಾರ್ಟ್ ತರೋಕೆ ಹೋಗ್ತೀರಿ. ನಿಮ್ಮ ಗಾಡಿ ಬರೀ ಐಡಲಿಂಗ್‌ನಲ್ಲಿ ಆಫ್ ಆಗ್ತಿದ್ದರೆ, ಓಡುವಾಗ ಸರಿ ಇದ್ದರೆ, ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಬಟರ್‌ಫ್ಲೈ ಅಂಚಿನಲ್ಲಿ ಧೂಳು, ಎಣ್ಣೆ ಸೇರಿ ಕಪ್ಪು ಜಿಡ್ಡು ಕಟ್ಟುತ್ತೆ, ಐಡಲಿಂಗ್‌ಗೆ ಬೇಕಾದ ಸ್ವಲ್ಪ ಗಾಳಿಗೂ ದಾರಿ ಮುಚ್ಚುತ್ತೆ. ಥ್ರಾಟಲ್ ಬಾಡಿಗೆ ಅಂತಲೇ ಸಿಗೋ ಸ್ಪ್ರೇಯನ್ನು ಮೆತ್ತನೆ ಬಟ್ಟೆಗೆ ಹೊಡೆದು ಒರೆಸಿದರೆ ಸಾಕು. ಸೆನ್ಸರುಗಳ ಮೇಲೆ ನೇರವಾಗಿ ಹೊಡೆಯಬಾರದು. ಬ್ರಷ್ ಹಾಕಿ ಉಜ್ಜಬಾರದು. ನಾನೂ ಮೊದಲು ಇದನ್ನೇ ಮಾಡಿದ್ದು, ಸಿಗ್ನಲ್‌ನಲ್ಲಿ ಆಫ್ ಆಗೋದು ನಿಂತಿತು, ಜಗ್ಗೋದು ನಿಲ್ಲಲಿಲ್ಲ. ಎರಡು ರೋಗ ಒಟ್ಟಿಗೇ ಇದ್ದವು.

ಹೊಸ ಥ್ರಾಟಲ್ ಬಾಡಿಗೆ ನನಗೆ ಬಿದ್ದದ್ದು 5,200 ರೂಪಾಯಿ. ಎರಡು ವಾರದ ಸೊಪ್ಪಿನ ಲಾಭ ಹೋಯಿತು. ಗುಜರಿಯಲ್ಲಿ ಸಾವಿರಕ್ಕೆ ಸಿಗುತ್ತೆ ಅಂತ ಒಬ್ಬರು ಹೇಳಿದರು. ಬೇರೆಯವರು ಎಷ್ಟು ಸವೆಸಿದ್ದಾರೋ ಗೊತ್ತಿಲ್ಲದ ಸೆನ್ಸರ್ ನನಗೆ ಬೇಡ ಅನಿಸಿತು. ಅಂಗಡಿಗೆ ಹೋಗುವಾಗ ಫ್ರೇಮ್ ನಂಬರು, ಹಳೇ ಥ್ರಾಟಲ್ ಬಾಡಿ ಮೇಲಿರೋ ಗುರುತಿನ ಫೋಟೋ ಎರಡೂ ಇರಲಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಬದಲಾದರೆ ಪಾರ್ಟ್ ಬದಲಾಗಿರಬಹುದು, ನೋಡೋಕೆ ಮಾತ್ರ ಅವಳಿ ಜವಳಿ. ಡಬ್ಬಿಯೊಳಗೆ ಸೆನ್ಸರುಗಳು ಕೂತೇ ಬಂದಿವೆಯಾ, ಸೀಲು ರಿಂಗು ಇದೆಯಾ ಅಂತ ಅಲ್ಲೇ ಬಿಚ್ಚಿ ನೋಡಿ. ಎಕ್ಸಲೇಟರ್‌ಗೆ ಕೇಬಲ್ಲೇ ಇಲ್ಲದ, ಪೂರ್ತಿ ಎಲೆಕ್ಟ್ರಾನಿಕ್ ಥ್ರಾಟಲ್ ಇರೋ ದೊಡ್ಡ ಗಾಡಿಗಳಿಗೆ ಈ ಲೇಖನ ಅನ್ವಯಿಸಲ್ಲ. ಅದನ್ನು ಮನೆಯಲ್ಲಿ ಮುಟ್ಟದಿರೋದೇ ಕ್ಷೇಮ. ವಾರಂಟಿ ಇನ್ನೂ ಇದ್ದರೂ ಅಷ್ಟೇ, ಶೋರೂಮಿಗೇ ಕೊಡಿ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ, ತೆಂಗಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದೆ. ಮಾರನೇ ದಿನ ಶುಕ್ರವಾರ, 38 ಮನೆ ಕಾಯ್ತಾ ಇರ್ತವೆ. ಮಂಗಳವಾರದ ಸೊಪ್ಪು ಅರ್ಧ ಮನೆಗೆ ತಲುಪಿರಲಿಲ್ಲ. ಇನ್ನೊಂದು ವಾರ ತಪ್ಪಿದರೆ ಅವರು ಬೇರೆ ಕಡೆ ನೋಡಿಕೊಳ್ಳೋದು ಸಹಜ.

ಪೆಟ್ರೋಲ್ ಕೆಲಸ ಬಯಲಲ್ಲೇ ಆಗಬೇಕು, ಇಂಜಿನ್ ಪೂರ್ತಿ ತಣ್ಣಗಿರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ ಎತ್ತೋಕೆ ಹಗುರ. ಅಪ್ಪ ಬೀಡಿ ಹಚ್ಚಿಕೊಂಡೇ ನೋಡೋಕೆ ಬಂದರು. "ಅಪ್ಪಾ, ಬೀಡಿ ಆರಿಸಿ ಬನ್ನಿ" ಅಂದೆ. ಗೊಣಗಿಕೊಂಡು ಬಾವಿ ಕಟ್ಟೆ ಹತ್ತಿರ ಹೋಗಿ ಮುಗಿಸಿ ಬಂದರು.

ಬೋಲ್ಟ್ ಇಡೋಕೆ ನಾನು ಬಳಸಿದ್ದು ನರ್ಸರಿಯ 98 ಗುಳಿಯ ಪ್ರೋಟ್ರೇ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಬೋಲ್ಟು. ಹಾಕುವಾಗ ಹಿಂದಿನಿಂದ ಮುಂದಕ್ಕೆ ಬಂದರೆ ಆಯಿತು. ಪ್ರತಿ ಹಂತಕ್ಕೂ ಮೊಬೈಲಲ್ಲಿ ಒಂದು ಫೋಟೋ.

ಮೊದಲು ಪೆಟ್ರೋಲ್ ಪೈಪಿನ ಒತ್ತಡ ಇಳಿಸಬೇಕು. ಕಾರ್ಬೋರೇಟರ್ ಗಾಡಿಯ ಪೈಪ್ ಕಿತ್ತರೆ ಪೆಟ್ರೋಲ್ ತೊಟ್ಟಿಕ್ಕುತ್ತೆ, ಇದರಲ್ಲಿ ಪಂಪು ಒತ್ತಡ ಹಾಕಿರೋದರಿಂದ ಮುಖಕ್ಕೇ ಚಿಮ್ಮುತ್ತೆ. ಸೀಟು ತೆಗೆದು, ಟ್ಯಾಂಕಿನ ಹಿಂದಿನ ಬೋಲ್ಟ್ ಬಿಚ್ಚಿ ಸ್ವಲ್ಪ ಎತ್ತಿ, ಪಂಪಿನ ಕಪ್ಲರ್ ತೆಗೆದೆ. ಆಮೇಲೆ ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿದ್ದಷ್ಟು ಪೆಟ್ರೋಲ್ ಸುಟ್ಟು ಇಂಜಿನ್ ತಾನೇ ನಿಲ್ಲುತ್ತೆ. ನಂತರ ಕೀ ಆಫ್, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದೆ. ಇಂಜಿನ್ ಆರಿದ ಮೇಲೆ ಪೈಪಿನ ಸುತ್ತ ಬಟ್ಟೆ ಹಿಡಿದು ಲಾಕ್ ಒತ್ತಿ ಎಳೆದೆ. ಬಟ್ಟೆ ಅಷ್ಟೇ ಒದ್ದೆಯಾಯಿತು. ಟ್ಯಾಂಕ್ ಇಳಿಸಿ ನೆರಳಿಗಿಟ್ಟೆ.

ಥ್ರಾಟಲ್ ಬಾಡಿ ಈಗ ಕಣ್ಣೆದುರು. ಹಿಂದೆ ಏರ್ ಫಿಲ್ಟರ್ ಡಬ್ಬಿಯ ರಬ್ಬರ್, ಮುಂದೆ ಇಂಜಿನ್ ಕಡೆಯ ರಬ್ಬರ್, ಎರಡಕ್ಕೂ ಕ್ಲಾಂಪ್. ಬಿಚ್ಚೋ ಮೊದಲು ಸುತ್ತಲಿನ ಧೂಳು ಬ್ರಷ್ಷಿನಿಂದ ಒರೆಸಿದೆ, ಇಲ್ಲದಿದ್ದರೆ ಅಷ್ಟೂ ಇಂಜಿನ್ ಒಳಗೆ. ಕಪ್ಲರ್‌ಗಳನ್ನು ಲಾಕ್ ಒತ್ತಿ ತೆಗೆಯಬೇಕು, ವೈರು ಹಿಡಿದು ಎಳೆಯಬಾರದು. ನನ್ನ ಗಾಡಿಯಲ್ಲಿ ಇಂಜೆಕ್ಟರ್ ಬೇರೆ ಕಡೆ ಇರೋದರಿಂದ ಅದನ್ನು ಮುಟ್ಟೋ ಹಾಗಿರಲಿಲ್ಲ, ಕೆಲವು ಗಾಡಿಗಳಲ್ಲಿ ಥ್ರಾಟಲ್ ಬಾಡಿ ಮೇಲೇ ಇರುತ್ತೆ.

ಸಿಕ್ಕಿಹಾಕಿಕೊಂಡದ್ದು ಕೇಬಲ್ ಹತ್ತಿರ. ಅಡ್ಜಸ್ಟರ್ ನಟ್ ಸಡಿಲ ಮಾಡಿದರೂ ಕೇಬಲ್ ತುದಿಯ ಗುಂಡು ಚಕ್ರದ ಗೂಡಿನಿಂದ ಬರಲಿಲ್ಲ. ನನ್ನ ದಪ್ಪ ಬೆರಳು ಅಲ್ಲಿಗೆ ಹೋಗಲ್ಲ. ಇಕ್ಕಳ ಹಾಕಿದರೆ ಕೇಬಲ್ ಎಳೆ ಮುರಿಯೋ ಭಯ. ಕಾಲು ಗಂಟೆ ಒದ್ದಾಡಿದೆ. ಅಪ್ಪ ಸುಮ್ಮನೆ ನೋಡ್ತಾ ಇದ್ದೋರು, "ಸರಿ ಆ ಕಡೆ" ಅಂದರು. ಕಣ್ಣಿನ ಪೊರೆ ಆಪರೇಷನ್ ಆಗಿ ಆರು ತಿಂಗಳು, ಹತ್ತಿರದ್ದು ಸರಿಯಾಗಿ ಕಾಣಲ್ಲ. ನೋಡಲೂ ಇಲ್ಲ. ಎಡಗೈ ಬೆರಳಲ್ಲಿ ಚಕ್ರ ಪೂರ್ತಿ ತಿರುಗಿಸಿ ಹಿಡಿದು, ಬಲಗೈಯಲ್ಲಿ ಕೇಬಲ್ ಸಡಿಲ ಮಾಡಿ, ಒಂದು ಪಕ್ಕಕ್ಕೆ ಒತ್ತಿದರು. ಗುಂಡು ಹೊರಗೆ ಬಂತು. "ಇದೂ ಕಾರ್ಬೋರೇಟರ್ ಥರಾನೇ ಐತಲ್ಲಪ್ಪ" ಅಂದರು. ಅದಾದ ಮೇಲೆ ಅವರು ಅಲ್ಲಿಂದ ಎದ್ದು ಹೋಗಲಿಲ್ಲ.

ಹಳೇದು ಈಚೆ ಬಂದ ತಕ್ಷಣ ಇಂಜಿನ್ ಕಡೆಯ ತೂತಿಗೆ ಚೊಕ್ಕ ಬಟ್ಟೆ ತುರುಕಿದೆ. ಅಲ್ಲಿಗೆ ಒಂದು ನಟ್ ಬಿದ್ದರೆ 5 ಸಾವಿರದ ಕೆಲಸ 25 ಸಾವಿರದ್ದಾಗುತ್ತೆ. ಹಳೇ ಥ್ರಾಟಲ್ ಬಾಡಿಯನ್ನು ತಿರುಗಿಸಿ ನೋಡಿದರೆ, ಬಟರ್‌ಫ್ಲೈ ತಡೆಯೋ ಸ್ಕ್ರೂ ಮೇಲಿನ ಬಣ್ಣದ ಗುರುತು ಒಡೆದಿತ್ತು. ಯಾರೋ ಐಡಲಿಂಗ್ ಜಾಸ್ತಿ ಮಾಡೋಕೆ ಅದನ್ನೇ ತಿರುಗಿಸಿದ್ದಾರೆ. ಆ ಸ್ಕ್ರೂ ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ್ದು. ಕಾರ್ಬೋರೇಟರ್ ಗಾಡಿಯ ಐಡಲಿಂಗ್ ಸ್ಕ್ರೂ ಅಂತ ತಿಳಿದು ಯಾರಿಗೂ ಮುಟ್ಟಲು ಬಿಡಬೇಡಿ.

ಹೊಸದನ್ನು ಕೂರಿಸಿ, ಕೇಬಲ್ ಸಿಕ್ಕಿಸಿ, ಎಕ್ಸಲೇಟರ್‌ನಲ್ಲಿ ಎರಡು ಮೂರು ಮಿಲಿಮೀಟರ್ ಆಟ ಇಟ್ಟೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡೂ ಕಡೆ ಎಕ್ಸಲೇಟರ್ ಬಿಟ್ಟರೆ ಟಪ್ ಅಂತ ವಾಪಸ್ ಬರ್ತಿದೆಯಾ ನೋಡಿದೆ. ಇದನ್ನು ಯಾರೂ ಬಿಡಬೇಡಿ. ತಿರುವಿನಲ್ಲಿ ಕೇಬಲ್ ಹಿಡಿದುಕೊಂಡರೆ ಗಾಡಿ ನಿಲ್ಲೋದಕ್ಕಿಂತ ದೊಡ್ಡ ಅಪಾಯ. ಬಟ್ಟೆ ತೆಗೆದದ್ದು ನೆನಪಿದೆಯಾ ಅಂತ ಅಪ್ಪ ಎರಡು ಸಲ ಕೇಳಿದರು. ತೆಗೆದಿದ್ದೆ, ಪ್ರೋಟ್ರೇ ಪಕ್ಕದಲ್ಲೇ ಇತ್ತು.

ಟ್ಯಾಂಕ್ ಕೂರಿಸಿ, ಪೈಪ್ 'ಕ್ಲಿಕ್' ಅನ್ನೋ ತನಕ ಒತ್ತಿ, ಬ್ಯಾಟರಿ ಕೊಟ್ಟು, ಕೀ ಆನ್ ಮಾಡಿದೆ. ಪಂಪು ಎರಡು ಸೆಕೆಂಡು ಗುಂಯ್ ಅಂದು ನಿಂತಿತು. ಪೆಟ್ರೋಲ್ ಎಲ್ಲೂ ಸೋರಲಿಲ್ಲ. ಎಕ್ಸಲೇಟರ್ ಮುಟ್ಟದೆ ಸ್ಟಾರ್ಟ್ ಮಾಡಿದೆ. ಆರ್‌ಪಿಎಂ 3000ಕ್ಕೆ ಹೋಗಿ ಅಲ್ಲೇ ಕೂತಿತು. ಇಳಿಯಲೇ ಇಲ್ಲ. ಸಂಜೆ ಐದೂವರೆ, ಇನ್ನೂ ಸೊಪ್ಪು ಕೊಯ್ದಿಲ್ಲ. ಹೊಸ ಪಾರ್ಟೇ ಕೆಟ್ಟದ್ದು ಕೊಟ್ಟರು ಅಂತ ಅಂಗಡಿಗೆ ಫೋನ್ ಮಾಡೋಕೆ ಹೊರಟಿದ್ದೆ. ಅಪ್ಪ ತಡೆದರು. "ಎಲ್ಲೋ ಗಾಳಿ ಎಳೀತೈತೆ ಕಣೋ. ಸದ್ದು ಕೇಳು."

ನಿಜ. ಟ್ಯಾಂಕ್ ಕೆಳಗೆ ಸಣ್ಣ ಸೀಟಿ ಸದ್ದು. ಗ್ಯಾರೇಜುಗಳಲ್ಲಿ ಇಂಥ ಸೋರಿಕೆ ಹುಡುಕೋಕೆ ಕ್ಲೀನರ್ ಸ್ಪ್ರೇ ಹೊಡೀತಾರೆ. ಓಡುತ್ತಿರೋ ಇಂಜಿನ್ ಹತ್ತಿರ ಅದು ಬೆಂಕಿಯ ಜತೆ ಸರಸ. ನಾನು ಸಸಿಗೆ ನೀರು ಚಿಮುಕಿಸೋ ಕೈ ಸ್ಪ್ರೇಯರ್ ತಂದು, ಬರೀ ನೀರನ್ನು ಮಂಜಿನ ಹಾಗೆ ಇಂಜಿನ್ ಕಡೆಯ ರಬ್ಬರ್ ಸಂದಿಗೆ ಹೊಡೆದೆ. ಕೆಳಭಾಗಕ್ಕೆ ತಾಗಿದ ಕೂಡಲೇ ಆರ್‌ಪಿಎಂ ಇಳಿಯಿತು, ನೀರು ಒಣಗಿದಾಗ ಮತ್ತೆ ಏರಿತು. ರಬ್ಬರಿನಲ್ಲಿ ಒಂದು ಗೀರು, ಥ್ರಾಟಲ್ ಬಾಡಿಯಲ್ಲಿ ಒಂದು ಉಬ್ಬು ಇದೆ, ಎರಡೂ ಕೂಡಿಕೊಂಡು ಕೂರಬೇಕು. ನಾನು ಬೆರಳಗಲ ತಪ್ಪಿಸಿ ಕೂರಿಸಿದ್ದೆ. ಗಾಡಿ ತಣ್ಣಗಾಗಲಿ ಅಂತ ಅಷ್ಟರಲ್ಲಿ ಹೋಗಿ ಸೊಪ್ಪು ಕೊಯ್ದು ಬಂದೆ. ಆಮೇಲೆ ಟ್ಯಾಂಕ್ ಪೂರ್ತಿ ಇಳಿಸದೆ, ಹಿಂಭಾಗ ಎತ್ತಿ ಕಟ್ಟಿಗೆ ತುಂಡು ಕೊಟ್ಟು, ಹೆಂಡತಿ ಟಾರ್ಚ್ ಹಿಡಿದು, ಮತ್ತೆ ಕೂರಿಸಿ ಕ್ಲಾಂಪ್ ಬಿಗಿದೆ. ಈ ಸಲ ಐಡಲಿಂಗ್ 1500ರ ಆಸುಪಾಸಿಗೆ ಬಂದು ನಿಂತಿತು.

ಹೊಸ ಟಿಪಿಎಸ್‌ನ ಸೊನ್ನೆ ಎಲ್ಲಿದೆ ಅಂತ ಇಸಿಯುಗೆ ಹೇಳಿಕೊಡೋ ರೀಸೆಟ್ ಒಂದು ಬಾಕಿ ಇತ್ತು. ಕೆಲವು ಗಾಡಿಗಳು ಕೀ ಆನ್ ಮಾಡಿದಾಗ ತಾವೇ ಕಲಿತುಕೊಳ್ಳುತ್ತವೆ, ನನ್ನದಕ್ಕೆ ಸ್ಕ್ಯಾನರ್ ಬೇಕಿತ್ತು. ಆ ಹುಡುಗ ರಾತ್ರಿ ಎಂಟಕ್ಕೆ ಬಂದು ರೀಸೆಟ್ ಮಾಡಿ, ಹಳೇ ಕೋಡ್ ಅಳಿಸಿ, 200 ರೂಪಾಯಿ ಮತ್ತು ಒಂದು ಕಟ್ಟು ದಂಟಿನ ಸೊಪ್ಪು ತಗೊಂಡು ಹೋದ. ಸ್ಕ್ಯಾನರ್ ಇರೋ ಇಂಥವರ ಫೋನ್ ನಂಬರ್ ನಿಮ್ಮ ಹತ್ತಿರದಲ್ಲಿ ಯಾರದಿದೆ ಅಂತ ಕೇಳಿ ಇಟ್ಟುಕೊಳ್ಳಿ.

ಶುಕ್ರವಾರ ಬೆಳಗ್ಗೆ ಹೆದ್ದಾರಿ ಅಂಚಿನಲ್ಲಿ ಬೇಕಂತಲೇ ಒಂದು ನಿಮಿಷ ನಿಂತೆ. ಎರಡೂ ಕಡೆ ಖಾಲಿಯಾಗೋ ತನಕ ಕಾದು ಎಕ್ಸಲೇಟರ್ ಕೊಟ್ಟೆ. ಕಾಲು ಭಾಗ ದಾಟುವಾಗ ಎದೆ ಢವಗುಟ್ಟಿತು. ಗಾಡಿ ಎಳೆದುಕೊಂಡು ಆಚೆ ಹೋಯಿತು. 38 ಮನೆಗೂ ಸೊಪ್ಪು ತಲುಪಿತು, ಮಂಗಳವಾರ ಸಿಗದವರಿಗೆ ಒಂದೊಂದು ಕಟ್ಟು ಮೆಂತ್ಯ ಜಾಸ್ತಿ ಕೊಟ್ಟೆ. ಒಬ್ಬರು ಮಾತ್ರ ಬೇರೆ ಕಡೆ ಹೇಳಿಬಿಟ್ಟಿದ್ದೀವಿ ಅಂದರು. ಈಗ 37.

ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿರೋದಕ್ಕಿಂತ ಬೇಗ ಬದಲಿಸಬೇಕು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ, ನಮ್ಮ ರಸ್ತೆಯ ಧೂಳಿಗೆ ಆ ಪುಸ್ತಕದ ಲೆಕ್ಕ ಸಾಲಲ್ಲ. ಗಾಡಿ ಈಗ ಕೊಟ್ಟಿಗೆಯಿಂದ ದೂರ, ಜಗಲಿ ಪಕ್ಕ ನಿಲ್ಲುತ್ತೆ. ಹಳೇ ಥ್ರಾಟಲ್ ಬಾಡಿ ಅಪ್ಪನ ಬೀಡಿ ಕಟ್ಟಿನ ಜತೆ ಕಿಟಕಿಯಲ್ಲಿದೆ. ಮನೆಗೆ ಬಂದವರಿಗೆಲ್ಲ ಅದರ ಚಕ್ರ ತಿರುಗಿಸಿ, ಬಟರ್‌ಫ್ಲೈ ತೆಗೆದು ಮುಚ್ಚಿ ತೋರಿಸುತ್ತಾರೆ. ಹೋದ ಭಾನುವಾರ ಪಕ್ಕದೂರಿನ ಹಾಲಿನವರ ಗಾಡಿ ಜಗ್ಗುತ್ತೆ ಅಂತ ಬಂದಿತ್ತು. "ಮೊದ್ಲು ಮುಳ್ಳಿನ ಮೀಟರ್ ತಗೊಂಡ್ ಬಾ" ಅಂತ ಅಪ್ಪ ಒಳಗಿಂದಲೇ ಕೂಗಿದರು.